ಲಿಂಗತ್ವ ಅಲ್ಪಸಂಖ್ಯಾತರು: ಕರ್ನಾಟಕದ ಇತಿಹಾಸ

'ಲಿಂಗತ್ವ ಅಲ್ಪಸಂಖ್ಯಾತರು' ಎಂಬುದು ಹುಟ್ಟಿದಾಗ ಇತರರು ಗುರುತಿಸಿದ ಲಿಂಗವೂ ತಾವು ಬೆಳೆಯುತ್ತ ಕಂಡುಕೊಂಡ ಲಿಂಗತ್ವವೂ ಒಂದೇ ಆಗಿರದವರನ್ನು ಒಟ್ಟಾಗಿ ಕರೆಯುವ ಹೆಸರು. ಜೋಗಪ್ಪ, ಹಿಜ್ರಾ, ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ, ಗಂಡು-ಹೆಣ್ಣು ಎರಡರಲ್ಲೂ ತಮ್ಮನ್ನು ಕಾಣದವರು ಇದರಲ್ಲಿ ಸೇರುತ್ತಾರೆ. ಯಾರ ಮೇಲೆ ಒಲವು ಎಂಬುದು ಬೇರೆ ಸಂಗತಿ; ಹುಟ್ಟಿನಿಂದಲೇ ದೇಹಲಕ್ಷಣ ಭಿನ್ನವಾಗಿರುವ ಅಂತರಲಿಂಗಿಗಳದೂ ಬೇರೆ ಸಂಗತಿ. ಹಳೆಯ ಬರಹಗಳು ಇವೆಲ್ಲವನ್ನೂ ಬೆರೆಸಿರುವುದರಿಂದ ಚರಿತ್ರೆ ಗೊಂದಲಮಯವಾಗಿದೆ.

ಸಾಹಿತ್ಯದ ಆಧಾರ

ಪಂಪ ಮತ್ತು ಕುಮಾರವ್ಯಾಸರ ಭಾರತಗಳ ಬೃಹನ್ನಳೆ, ಆತ್ಮಕ್ಕೆ ಹೆಣ್ಣು-ಗಂಡೆಂಬ ಭೇದವಿಲ್ಲವೆನ್ನುವ ದಾಸಿಮಯ್ಯನ ವಚನ ಇವನ್ನು ಅಂದಿನ ಸಮಾಜ ಲಿಂಗವೈವಿಧ್ಯವನ್ನು ಒಪ್ಪಿತ್ತೆಂಬುದಕ್ಕೆ ಸಾಕ್ಷಿಯಾಗಿ ಉದಾಹರಿಸುವುದುಂಟು. ಆದರೆ ಬೃಹನ್ನಳೆ ಅಜ್ಞಾತವಾಸದಲ್ಲಿ ಅರ್ಜುನ ತೊಟ್ಟ ವೇಷ. ವಚನದ್ದು ಆತ್ಮತತ್ತ್ವದ ಮಾತು. ಅಂಥ ಕಲ್ಪನೆ ಕನ್ನಡಕ್ಕೆ ಹೊರಗಿನದಲ್ಲ ಎಂಬುದಷ್ಟೇ ಇವುಗಳಿಂದ ತಿಳಿಯುತ್ತದೆ. ಜನ ಹೇಗೆ ಬಾಳಿದರೆಂಬುದು ತಿಳಿಯುವುದಿಲ್ಲ.

ಜೋಗಪ್ಪರು ಮತ್ತು ಹಿಜ್ರಾಗಳು

ಜೋಗಪ್ಪರು ಸವದತ್ತಿ ಯಲ್ಲಮ್ಮ ದೇವಿಗೆ ಮುತ್ತು ಕಟ್ಟಿಸಿಕೊಂಡು, ಅಂದರೆ ಸಮರ್ಪಿತರಾಗಿ, ಸೀರೆಯುಟ್ಟವರು. ತಲೆಗೂದಲು ಜಡೆಗಟ್ಟುವುದು, ಮೈಮೇಲೆ ದೇವಿ ಬರುವುದು ಮುಂತಾದವನ್ನು ಅವಳ ಕರೆಯೆಂದು ನಂಬಲಾಗುತ್ತದೆ. ಪಡಲಿಗೆಯೆಂಬ ದೇವಿಯ ಬುಟ್ಟಿ ಹೊತ್ತು ಜೋಗ ಬೇಡುವುದು, ಚೌಡಿಕೆಯೆಂಬ ವಾದ್ಯ ನುಡಿಸಿ ಹಾಡುವುದು, ತಲೆಯ ಮೇಲೆ ಕೊಡವಿಟ್ಟು ಕುಣಿಯುವುದು ಇವರ ವೃತ್ತಿ. ಹಿಜ್ರಾಗಳು ಗುರು-ಚೇಲಾ ಸಂಬಂಧದ ಮೇಲೆ ನಿಂತ ಮನೆತನಗಳಲ್ಲಿ ಬಾಳುತ್ತಾರೆ. ಅವರಲ್ಲಿ ಜನನಾಂಗ ತೆಗೆಯುವ 'ನಿರ್ವಾಣ'ವೆಂಬ ಶಸ್ತ್ರಕ್ರಿಯೆಗೆ ಮಹತ್ವವಿದೆ. ಜೋಗಪ್ಪರ ಗುರುತು ದೇವಿಯ ಹರಕೆಯಿಂದ ಬರುವುದರಿಂದ ಅವರಿಗೆ ಅದು ಕಡ್ಡಾಯವಲ್ಲ. ಮಾನವಶಾಸ್ತ್ರಜ್ಞ ನಿಕೋಲಸ್ ಬ್ರಾಡ್‌ಫರ್ಡ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ಜೋಗಪ್ಪರ ಈ ಪಂಥವನ್ನು ವಿದ್ವತ್‌ಲೋಕಕ್ಕೆ ಪರಿಚಯಿಸಿದ ಮುಖ್ಯ ಬರಹಗಳಲ್ಲೊಂದು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ 1982ರ ರಾಜ್ಯ ಕಾಯ್ದೆ ಹೆಣ್ಣುಮಕ್ಕಳನ್ನು ಕುರಿತದ್ದಾದ್ದರಿಂದ, ದೇವದಾಸಿಯರಂತೆಯೇ ಯಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪರು ಅದರ ಪುನರ್ವಸತಿಯ ಚರ್ಚೆಯಲ್ಲಿ ಕಾಣಿಸಿಕೊಳ್ಳಲಿಲ್ಲ.

ಪೊಲೀಸ್ ದಾಖಲೆ

ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ, ಅದು 'ನಪುಂಸಕ'ರೆಂದು ಕರೆದವರ ಹೆಸರು-ವಿಳಾಸಗಳ ಪಟ್ಟಿ ಮಾಡಲು ಅಧಿಕಾರಿಗಳಿಗೆ ಹೇಳಿತು. ಕಲಬುರಗಿ, ಬೀದರ್, ರಾಯಚೂರುಗಳನ್ನೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನ 1919ರಲ್ಲಿ ಇಂಥದೇ ಕಾನೂನು ತಂದಿತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದುಮಾಡಿದ್ದು 2023ರಲ್ಲಿ. ಸ್ವತಂತ್ರ ಭಾರತದಲ್ಲೂ ಈ ಧೋರಣೆ ಅಳಿಯಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ವಿಧಿ 140 ವರ್ಷ ಹಳೆಯ ಪಟ್ಟಿಯನ್ನೇ ಮರಳಿ ತಂದಿತು. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ, 2016ರ ತಿದ್ದುಪಡಿಯಲ್ಲಿ ಸಮುದಾಯವನ್ನು ಹೆಸರಿಸಿದ್ದ ಪದ ಹೋಯಿತು.

ಹಕ್ಕಿನ ಕಾಲ

1999ರಲ್ಲಿ ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ಹುಟ್ಟಿದ 'ಸಂಗಮ' ಸಂಸ್ಥೆ ಹಾಗೂ ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕದ 2001 ಮತ್ತು 2003ರ ವರದಿಗಳು ಪೊಲೀಸ್ ಹಿಂಸೆಯನ್ನು ಸಂತ್ರಸ್ತರ ಮಾತುಗಳಲ್ಲೇ ದಾಖಲಿಸಿದವು. ಅಲ್ಲಿಯವರೆಗೆ ಸಮುದಾಯದ ಮೇಲೆ ಪೊಲೀಸರು ಬರೆದದ್ದೇ ದಾಖಲೆಯಾಗಿದ್ದರೆ, ಈಗ ಪೊಲೀಸರ ಮೇಲೆ ಸಮುದಾಯ ಸಾಕ್ಷ್ಯ ನುಡಿಯಿತು. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಲಿಂಗತ್ವವನ್ನು ನಿರ್ಧರಿಸುವ ಹಕ್ಕು ವ್ಯಕ್ತಿಯದೇ ಎಂದಿತು. 2017ರಲ್ಲಿ ರಾಜ್ಯ ಈ ಸಮುದಾಯಕ್ಕಾಗಿ ತನ್ನದೇ ನೀತಿ ರೂಪಿಸಿತು. ಪೊಲೀಸ್ ನೇಮಕಾತಿಯ ಅಧಿಸೂಚನೆಯನ್ನು 'ಸಂಗಮ' ಪ್ರಶ್ನಿಸಿದ ಫಲವಾಗಿ, 2021ರಲ್ಲಿ ಸರ್ಕಾರಿ ನೇರ ನೇಮಕಾತಿಯಲ್ಲಿ ಅವರಿಗೆ ಶೇ. 1ರಷ್ಟು ಸಮತಲ ಮೀಸಲಾತಿ ಬಂತು. ಅದು ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಪ್ರತಿಯೊಂದರ ಒಳಗೂ ಅನ್ವಯಿಸುವುದರಿಂದ, ದಲಿತ ಟ್ರಾನ್ಸ್ ಮಹಿಳೆಯೊಬ್ಬಳು ತನ್ನ ಜಾತಿಯ ಮೀಸಲಾತಿಯನ್ನು ಬಿಟ್ಟುಕೊಡಬೇಕಾಗಿಲ್ಲ.

ಸ್ವಂತ ದನಿಯ ಆಕರಗಳು

ಟ್ರಾನ್ಸ್ ಲೇಖಕಿ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ 'ಬದುಕು ಬಯಲು' ಎಂದು ಕನ್ನಡಕ್ಕೆ ಬಂದು ರಂಗಕ್ಕೂ ಏರಿತು. ಮರಿಯಮ್ಮನಹಳ್ಳಿಯ ಜಾನಪದ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. 'ನಡುವೆ ಸುಳಿವ ಹೆಣ್ಣು' ಅವರ ಆತ್ಮಕಥನ. ಟ್ರಾನ್ಸ್ ಪುರುಷರ ಬಾಳು ಮಾತ್ರ ಇಷ್ಟು ವಿವರವಾಗಿ ಬರಹಕ್ಕೆ ಬಂದಿಲ್ಲ. 2011ರ ಜನಗಣತಿಯ 'ಇತರೆ' ಅಂಕಣದಲ್ಲಿ ರಾಜ್ಯದ 20,266 ಮಂದಿ ದಾಖಲಾದರೂ ಇವರಲ್ಲಿ ಜೋಗಪ್ಪರೆಷ್ಟು, ಹಿಜ್ರಾಗಳೆಷ್ಟು, ಟ್ರಾನ್ಸ್ ಪುರುಷರೆಷ್ಟು ಎಂಬುದನ್ನು ಆ ಒಂದೇ ಅಂಕಣ ಹೇಳಲಾರದು. ಅವರವರೇ ಹೇಳಿಕೊಂಡ ಗುರುತನ್ನು ಬೇರೆಬೇರೆಯಾಗಿ ದಾಖಲಿಸಿದಾಗಲೇ ಈ ಚರಿತ್ರೆ ಪೂರ್ಣಗೊಂಡೀತು.