ಬಳೆಗಾರ ಗುಂಡು ಮತ್ತು ಬ್ಯಾಸ್ಕೆಟ್‌ಬಾಲ್: ಬೆಂಗಳೂರು ಒಂದು ವೃತ್ತಿಪರ ತಂಡವನ್ನು ಸಾಕಬಲ್ಲದೇ?

ಹತ್ತು ವರ್ಷದೊಳಗೆ ಬೆಂಗಳೂರಿನ ಹೆಸರು ಹೊತ್ತು ಮೂರು ಬ್ಯಾಸ್ಕೆಟ್‌ಬಾಲ್ ತಂಡಗಳು ಬಂದು ಹೋದವು. 2015ರಲ್ಲಿ ಯುಬಿಎ ಲೀಗಿನ ‘ಬೆಂಗಳೂರು ಬೀಸ್ಟ್’ ಬಂತು. 2018ರಲ್ಲಿ ತಲಾ ಮೂವರು ಆಡುವ 3ಬಿಎಲ್ ಲೀಗಿಗೆ ‘ಮಚ್ಚಾಸ್’ ಬಂತು. ಹೆಸರಿಟ್ಟವರಿಗೆ ಊರಿನ ಬೀದಿಮಾತು ಗೊತ್ತಿತ್ತು ಅನ್ನಬೇಕು. 2022-23ರಲ್ಲಿ ಐಎನ್‌ಬಿಎಲ್ ಲೀಗಿನ ‘ಬೆಂಗಳೂರು ಕಿಂಗ್ಸ್’ ಕಣಕ್ಕಿಳಿಯಿತು. ಮೂರರಲ್ಲಿ ಒಂದೂ ಊರಿನಲ್ಲಿ ಬೇರು ಬಿಡಲಿಲ್ಲ. 2025ರಲ್ಲಿ ಐಎನ್‌ಬಿಎಲ್ ಪ್ರೊ ಶುರುವಾದಾಗ ಆರು ತಂಡಗಳಿದ್ದವು: ಚೆನ್ನೈ, ದೆಹಲಿ, ಗುಜರಾತ್, ಹೈದರಾಬಾದ್, ಮುಂಬೈ, ಪಂಜಾಬ್. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ.

ಒಂದು ಊರು ಹೊಸ ತಂಡವನ್ನು ಸಾಕಬಲ್ಲದೇ ಎಂಬ ಪ್ರಶ್ನೆ ಬಂದಾಗಲೆಲ್ಲ ಹೂಡಿಕೆದಾರರು ಮೊದಲು ಜನಸಂಖ್ಯೆ ನೋಡುತ್ತಾರೆ, ಆಮೇಲೆ ವರಮಾನ. ಆ ಲೆಕ್ಕದಲ್ಲಿ ಬೆಂಗಳೂರಿಗೆ ಎಂದೋ ಪಾಸು ಸಿಗಬೇಕಿತ್ತು. 2011ರ ಜನಗಣತಿಯಲ್ಲೇ ಬೆಂಗಳೂರು ನಗರ ಜಿಲ್ಲೆಯಲ್ಲಿ 96,21,551 ಜನರಿದ್ದರು. ಅಷ್ಟು ಜನ, ಅಷ್ಟು ಕಂಪನಿಗಳು ಇದ್ದೂ ಮೂರು ತಂಡಗಳು ನಿಲ್ಲಲಿಲ್ಲವೆಂದರೆ ಅಳೆಯುವ ಕೋಲೇ ಬೇರೆಯಾಗಬೇಕು. ಆ ಕೋಲನ್ನು ಈ ಲೇಖನ ರಾಜಧಾನಿಯಿಂದ ಸುಮಾರು 200 ಕಿ.ಮೀ. ಆಚೆ, ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಹುಡುಕುತ್ತದೆ. ಶೇಂಗಾ, ಎಣ್ಣೆ ಗಿರಣಿ, ಕಂಬಳಿ, ರೇಷ್ಮೆ ಸೀರೆಯ ಈ ಬಯಲುಸೀಮೆಗೂ ಬ್ಯಾಸ್ಕೆಟ್‌ಬಾಲಿಗೂ ಎತ್ತಣಿಂದೆತ್ತ ಸಂಬಂಧ ಎಂದು ಓದುಗರು ಹುಬ್ಬೇರಿಸಬಹುದು. ಉತ್ತರ ಅಲ್ಲಿನ ಒಂದು ಬಂಡೆಯಿಂದ ಶುರುವಾಗುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ, ಗುಡಿಗೆ ಹತ್ತುವ ಮೆಟ್ಟಿಲುಗಳ ಎದುರಿಗೆ ಒಂದು ಬಂಡೆಯಿದೆ. ಅದರ ಮೇಲೆ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳೊಂದಿಗೆ ಇದನ್ನೂ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಆರ್ಯಪುತ್ರನ ಹೆಸರಿನಲ್ಲಿ ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಹೊರಟ ಆಜ್ಞೆಯದು. ಊರಿನವರು ಅದನ್ನು ಶಾಸನದ ಬಂಡೆ ಎನ್ನಲಿಲ್ಲ, ‘ಬಳೆಗಾರ ಗುಂಡು’ ಎಂದರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದು ಅದರ ಮೇಲೆಯೇ. ಚಪ್ಪರದ ಗೂಟ ನೆಡಲು ಕೊರೆದ ಕುಳಿಗಳು ಬಂಡೆಯಲ್ಲಿವೆ. ಮೂರು ಶಾಸನಗಳಲ್ಲಿ ತೀರ ಸವೆದಿರುವುದು ಇದೇ. ಸಾಮ್ರಾಟನ ಅಕ್ಷರ ಅಳಿಸುತ್ತ ಬಂದರೂ ಬಳೆಯ ಅಂಗಡಿ ಮಾತ್ರ ಜಾತ್ರೆಯಿಂದ ಜಾತ್ರೆಗೆ ಅದೇ ಬಂಡೆ ಹುಡುಕಿಕೊಂಡು ಬಂತು.

ಭಾರತದ ಬ್ಯಾಸ್ಕೆಟ್‌ಬಾಲ್ ಲೀಗುಗಳು ಇದುವರೆಗೆ ಸುವರ್ಣಗಿರಿಯ ಆಜ್ಞೆಯ ಜಾತಿಯವು. ಮೇಲಿನಿಂದ ಇಳಿದು ಬಂದು ಮಹಾಮಾತ್ರರ ಕೈಸೇರಿದವು, ಜನರ ಕೈಗೆ ಬರಲಿಲ್ಲ. 2010ರಲ್ಲಿ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಐಎಂಜಿ–ರಿಲಯನ್ಸ್ ಸಂಸ್ಥೆಯೊಂದಿಗೆ 30 ವರ್ಷದ ಒಪ್ಪಂದ ಮಾಡಿಕೊಂಡಿತು. ಅದರಿಂದ ಜನ ಕಾಯುತ್ತಿದ್ದ ವೃತ್ತಿಪರ ಲೀಗು ಹುಟ್ಟಲೇ ಇಲ್ಲ. ಯುಬಿಎ ಲೀಗು ನಾಲ್ಕು ಆವೃತ್ತಿ ಆಡಿ 2017ರಲ್ಲಿ ನಿಂತಿತು. ಅಲ್ಲಿ ತಂಡಗಳು ತಂತಮ್ಮ ಊರಿನಲ್ಲಲ್ಲ, ಒಂದೆಡೆ ಸೇರಿ ಆಡುವ ಪದ್ಧತಿ. ಬೆಂಗಳೂರಿನ ಹೆಸರಿನ ತಂಡ ಪರಊರಿನ ಖಾಲಿ ಗ್ಯಾಲರಿಯ ಮುಂದೆ ಆಡಿದರೆ ಮಲ್ಲೇಶ್ವರದ ಹುಡುಗನಿಗೆ ಅದು ಟೀವಿಯ ಒಂದು ಕಾರ್ಯಕ್ರಮ, ಅಷ್ಟೆ. ಐಎನ್‌ಬಿಎಲ್ ಕೊಂಚ ವಾಸಿ: ಸುತ್ತುಗಳನ್ನು ಬೇರೆ ಬೇರೆ ಊರುಗಳಿಗೆ ಹಂಚಿ, 2023ರ ಜನವರಿಯಲ್ಲಿ ಕೊನೆಯ ಸುತ್ತನ್ನು ಬೆಂಗಳೂರಿನ ಕಂಠೀರವ ಒಳಾಂಗಣಕ್ಕೆ ತಂದಿತು. ಚೆನ್ನೈ ಹೀಟ್ ಗೆದ್ದಿತು. ಆದರೆ ಕೊನೆಯ ಸುತ್ತಿನ ಒಂದು ವಾರ ಒಂದು ಊರಿಗೆ ತವರಿನ ಅಭ್ಯಾಸ ಮಾಡಿಸಲಾರದು.

ಹಾಗಾದರೆ ಜನ ಕಾಸು ಬಿಚ್ಚುವುದು ಯಾವುದಕ್ಕೆ? ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಗೆ ತಿಪ್ಪೇರುದ್ರಸ್ವಾಮಿ ಜಾತ್ರೆಯ ದಿನ ಹೋದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಫಾಲ್ಗುಣದ ಬಿಸಿಲು ನೆತ್ತಿಯ ಮೇಲಿರುತ್ತದೆ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಬಸ್ಸು ಸಾಲುಗಟ್ಟಿ ಬರುತ್ತವೆ. ಒಣಕೊಬ್ಬರಿ ಸುಡುವ ಹೊಗೆ ಕಣ್ಣು ಉರಿಸುತ್ತದೆ. ತೇರು ಹೊರಡುವ ಮುನ್ನ ‘ಮುಕ್ತಿ ಬಾವುಟ’ದ ಹರಾಜು. ಒಂದು ಬಟ್ಟೆಯ ಬಾವುಟಕ್ಕೆ ಹತ್ತಾರು ಲಕ್ಷ ರೂಪಾಯಿ ಕೂಗುತ್ತಾರೆ, ಹಿಡಿದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ಮರುವರ್ಷ ಮತ್ತೆ ಹರಾಜು. ಲೀಗುಗಳ ಭಾಷೆಯಲ್ಲಿ ಇದಕ್ಕೆ ಪ್ರಾಯೋಜಕತ್ವ ಎಂದು ಹೆಸರು. ಕೂಗುವವನಿಗೆ ಎರಡು ಸಂಗತಿ ಖಾತ್ರಿಯಿದೆ: ಜಾತ್ರೆ ಮುಂದಿನ ವರ್ಷವೂ ನಡೆಯುತ್ತದೆ, ಇದೇ ಊರಿನಲ್ಲಿ ನಡೆಯುತ್ತದೆ. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅವನು ಕೊಳ್ಳುತ್ತಿರುವುದು ನಿರಂತರತೆಯನ್ನು.

ಬೆಂಗಳೂರಿನಲ್ಲೂ ಹೀಗೆ ಆದದ್ದುಂಟು. 2008ರಲ್ಲಿ ಹುಟ್ಟಿದ ಆರ್‌ಸಿಬಿ 2025ರ ಜೂನ್ 3ರವರೆಗೆ ಐಪಿಎಲ್ ಗೆದ್ದಿರಲಿಲ್ಲ. ಆದರೂ ಅದೇ ಹೆಸರು, ಅದೇ ಚಿನ್ನಸ್ವಾಮಿ ಅಂಗಳ ಎಂದು ಜನ ಕಾದರು. ಕೊನೆಗೂ ಗೆದ್ದ ಮರುದಿನ ಆ ಅಂಗಳದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಈ ಊರಿನಲ್ಲಿ ಕೊರತೆಯಿರುವುದು ಅಭಿಮಾನದ್ದಲ್ಲ, ಅದನ್ನು ಹಿಡಿದಿಡುವ ಜಾಗ ಮತ್ತು ವ್ಯವಸ್ಥೆಯದು ಎಂಬುದಕ್ಕೆ ಇದಕ್ಕಿಂತ ಕ್ರೂರ ಪುರಾವೆ ಬೇಡ. ಜೆಎಸ್‌ಡಬ್ಲ್ಯು 2013ರಲ್ಲಿ ಕಟ್ಟಿದ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗವನ್ನೇ ಬೆಳೆಸಿತು. ಅಂಥ ಕ್ಲಬ್ಬೂ 2025ರ ಆಗಸ್ಟ್‌ನಲ್ಲಿ ಐಎಸ್‌ಎಲ್ ಭವಿಷ್ಯ ತೂಗುಯ್ಯಾಲೆಯಾದಾಗ ಆಟಗಾರರ ಸಂಬಳ ತಡೆಹಿಡಿದಿದ್ದಾಗಿ ಪ್ರಕಟಿಸಿತು. ತಂಡ ಎಷ್ಟೇ ಗಟ್ಟಿಯಿರಲಿ, ಲೀಗು ಅಲುಗಿದರೆ ಅದೂ ಅಲುಗುತ್ತದೆ.

ಬ್ಯಾಸ್ಕೆಟ್‌ಬಾಲಿಗೆ ಹತ್ತಿರದ ಹೋಲಿಕೆ ಕಬಡ್ಡಿ, ಎರಡಕ್ಕೂ ಬೇಕಾದದ್ದು ಒಳಾಂಗಣ. 2017ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ತನ್ನ ‘ತವರಿನ’ ಪಂದ್ಯಗಳನ್ನು ಆಡಿದ್ದು ನಾಗ್ಪುರದಲ್ಲಿ! ಬೆಂಗಳೂರಿನಲ್ಲಿ ಅಂಗಳ ಸಿಕ್ಕಿರಲಿಲ್ಲ. ಅದೇ ವರ್ಷದ ಜುಲೈ ಕೊನೆಯಲ್ಲಿ ಕಂಠೀರವದಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ನಡೆದಿತ್ತು. ಭಾರತದ ಹುಡುಗಿಯರು ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಎ ವಿಭಾಗಕ್ಕೇರಿದರು. ಒಂದೇ ಮಳೆಗಾಲದಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಜಾಗ ಸಿಗುವ ಊರಿನಲ್ಲಿ ಊರಿನದೇ ತಂಡಕ್ಕೆ ಜಾಗವಿಲ್ಲ. ಸುಮಾರು 4,000 ಆಸನಗಳ ಕಂಠೀರವ ಒಳಾಂಗಣ ಸರ್ಕಾರದ್ದು. ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಸಭೆ, ಸಮಾರಂಭ ಎಲ್ಲಕ್ಕೂ ಅದೇ ಆಸರೆ. ಕೋರಮಂಗಲದ ಒಳಾಂಗಣದಲ್ಲಿ 2023ರ ಪ್ರೈಮ್ ವಾಲಿಬಾಲ್ ಶುರುವಾಯಿತು. ಬೆಂಗಳೂರು ಟಾರ್ಪೆಡೋಸ್ 2025ರಲ್ಲಿ ಆ ಲೀಗನ್ನೇ ಗೆದ್ದಿತು, ಗೆದ್ದದ್ದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ.

ಕಾಸಿನ ಲೆಕ್ಕವನ್ನು ಒಮ್ಮೆ ಬಾಯಿಲೆಕ್ಕದಲ್ಲೇ ಹಾಕಬಹುದು. ಎಂಟು ತಂಡಗಳು ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡುತ್ತವೆಂದು ಇಟ್ಟುಕೊಂಡರೆ ಬೆಂಗಳೂರಿನ ಪಾಲಿಗೆ ಏಳು ತವರಿನ ಪಂದ್ಯ. ಏಳಕ್ಕೆ 28,000 ಆಸನ. ನೂರಕ್ಕೆ ಅರವತ್ತು ಭರ್ತಿಯಾದರೆ 16,800 ಟಿಕೆಟ್. ತಲಾ 250 ರೂಪಾಯಿಗೆ 42 ಲಕ್ಷ. ಹನ್ನೆರಡು ಆಟಗಾರರಿಗೆ ತಿಂಗಳಿಗೆ ಒಂದು ಲಕ್ಷದಂತೆ ಆರು ತಿಂಗಳು ಸಂಬಳ ಕೊಟ್ಟರೆ 72 ಲಕ್ಷ. ಕೋಚು, ಪ್ರಯಾಣ, ಫಿಸಿಯೋ, ಅಂಗಳದ ಬಾಡಿಗೆ ಇನ್ನೂ ಬಾಕಿ. ಟಿಕೆಟ್ಟಿನಿಂದ ತಂಡ ನಡೆಯುವುದಿಲ್ಲ, ಬಾವುಟ ಹಿಡಿಯುವವರು ಬೇಕೇ ಬೇಕು. ಬೆಂಗಳೂರಿನಲ್ಲಿ ಅಂಥವರಿಗೆ ಬರವಿಲ್ಲ. ಆದರೆ ಮೂರು ವರ್ಷಕ್ಕೊಮ್ಮೆ ಹೆಸರು ಬದಲಾಯಿಸಿ ಹುಟ್ಟುವ ತಂಡದ ಬಾವುಟವನ್ನು ಯಾರು ಹಿಡಿದಾರು?

ಆಟಗಾರರ ಕಡೆಯಿಂದಲೂ ನೋಡಬೇಕು. ಮಾಡಿದಷ್ಟು ನೀಡು ಭಿಕ್ಷೆ ಎಂಬುದು ನಾಯಕನಹಟ್ಟಿಯ ಸಂತನ ಹೆಸರಿನಲ್ಲಿ ನಿಂತ ಮಾತು. ಲೀಗುಗಳು ಈ ಲೆಕ್ಕದಲ್ಲಿ ಜಿಪುಣತನ ತೋರಿದ್ದರಿಂದ ಭಾರತದ ಒಳ್ಳೆಯ ಆಟಗಾರನ ಅನ್ನದಾತರು ಇಂದಿಗೂ ರೈಲ್ವೆ, ಸೇನೆ, ಒಎನ್‌ಜಿಸಿ, ಆದಾಯ ತೆರಿಗೆ ಇಲಾಖೆ ಮತ್ತು ಬ್ಯಾಂಕುಗಳೇ. ಬೆಂಗಳೂರಿನ ವಿಜಯಾ ಬ್ಯಾಂಕ್ ತಂಡ ಎಷ್ಟೋ ಎತ್ತರದ ಹುಡುಗರಿಗೆ ಕ್ರೀಡಾ ಕೋಟಾದ ನೌಕರಿ ಕೊಟ್ಟಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ನಿವೃತ್ತಿಯವರೆಗೆ ಸಂಬಳ ಕೊಡುವ ಕೆಲಸ ಒಂದು ಕಡೆ, ಎರಡು ತಿಂಗಳ ಒಪ್ಪಂದ ಇನ್ನೊಂದು ಕಡೆ ಇದ್ದರೆ ಹಾಸನದ್ದೋ ಚಿತ್ರದುರ್ಗದ್ದೋ ಹುಡುಗನ ಅಪ್ಪ ಯಾವುದನ್ನು ಆರಿಸುತ್ತಾನೆಂದು ಹೇಳಲು ಸಮೀಕ್ಷೆ ಬೇಕಿಲ್ಲ.

ಅಂಗಳದ ತೊಡಕು ನಮ್ಮೊಬ್ಬರ ಪಾಡಲ್ಲ. ಅಮೆರಿಕದ ಸಿಯಾಟಲ್ ಸಿರಿವಂತ ಊರು, ಸೂಪರ್‌ಸಾನಿಕ್ಸ್‌ನಂಥ ಹಳೆಯ ತಂಡವಿದ್ದ ಊರು. ಅಂಗಳ ಹೊಸದಾಗಬೇಕೆಂಬ ಜಗಳ ಬಗೆಹರಿಯದೆ 2008ರಲ್ಲಿ ಆ ತಂಡ ಒಕ್ಲಹೋಮ ಸಿಟಿಗೆ ಗಂಟುಮೂಟೆ ಕಟ್ಟಿತು. ಒಕ್ಲಹೋಮ ಸಿಟಿ ಅದಕ್ಕಿಂತ ಚಿಕ್ಕ ಊರು, ಆದರೆ ಮಾರಾಟ ತೆರಿಗೆಯ ದುಡ್ಡಿನಲ್ಲಿ ಮೊದಲೇ ಅಂಗಳ ಕಟ್ಟಿಟ್ಟುಕೊಂಡಿತ್ತು. ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್ ತಂಡಕ್ಕೆ ಎರಡು ವರ್ಷ ಆಶ್ರಯ ಕೊಟ್ಟು, ತನಗೆ ತಂಡ ಸಾಕುವ ತಾಕತ್ತಿದೆ ಎಂದು ತೋರಿಸಿಯೂ ಇತ್ತು. ಲಿಥುವೇನಿಯಾದ ಕೌನಾಸ್‌ನಲ್ಲಿ ಇರುವುದು ಮೂರು ಲಕ್ಷದಷ್ಟು ಜನ. ಅಲ್ಲಿನ ಝಾಲ್ಗಿರಿಸ್ ತಂಡಕ್ಕೆ 2011ರಲ್ಲಿ ತೆರೆದ 15,000 ಆಸನಗಳ ಅಂಗಳವಿದೆ.

ಚಳ್ಳಕೆರೆಗೇ ಒಂದು ತಂಡ ಬಂದೀತೇ ಎಂಬ ಪ್ರಶ್ನೆ ಬೇಗ ಮುಗಿಯುತ್ತದೆ: ಬರಲಾರದು. ಎಣ್ಣೆಯ ವ್ಯಾಪಾರದಿಂದ ‘ಎರಡನೇ ಮುಂಬಯಿ’ ಎನಿಸಿಕೊಂಡ ಊರು, ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ, ವರವು ಕಾವಲಿನ ಕಡೆ ಡಿಆರ್‌ಡಿಒ ಪರೀಕ್ಷಾ ವಲಯ ಎಲ್ಲ ಇದ್ದರೂ ಇಲ್ಲಿ ರಾತ್ರಿ ಹೊನಲು ಬೆಳಕಿನಲ್ಲಿ ಜನ ಸೇರುವುದು ಕಬಡ್ಡಿಗೆ, ವಾಲಿಬಾಲಿಗೆ. 28 ಮೀಟರ್ ಉದ್ದ, 15 ಮೀಟರ್ ಅಗಲದ ಮರದ ನೆಲ ಇಲ್ಲಿಗೆ ದುಬಾರಿ ಬಾಬತ್ತು. ಆದರೆ ಬೆಂಗಳೂರಿನ ತಂಡ ‘ಕರ್ನಾಟಕದ ತಂಡ’ ಎನಿಸಬೇಕಾದರೆ ಇಂಥ ಊರುಗಳ ಎತ್ತರದ ಮಕ್ಕಳು ಕ್ರೀಡಾ ಹಾಸ್ಟೆಲಿನಿಂದ ನೇರ ಅದರ ಬೆಂಚಿಗೆ ಬರುವ ದಾರಿ ಇರಬೇಕು. ವರ್ಷಕ್ಕೊಂದು ಪ್ರದರ್ಶನ ಪಂದ್ಯ ಚಿತ್ರದುರ್ಗದಲ್ಲಿ, ಬಳ್ಳಾರಿಯಲ್ಲಿ ನಡೆದರೂ ಸಾಕು.

ಜಟಿಂಗ ರಾಮೇಶ್ವರದಲ್ಲಿ ಮೊದಲಿದ್ದದ್ದು ಇಟ್ಟಿಗೆಯ ಗುಡಿ, 962ರಲ್ಲಿ ಅದರ ಜಾಗದಲ್ಲಿ ಕಲ್ಲಿನ ಗುಡಿ ಎದ್ದಿತು ಎನ್ನುತ್ತವೆ ಹಳೆಯ ಗೆಜೆಟಿಯರುಗಳು. ಕಲ್ಲಿನ ಅರೀನಾ ಆಮೇಲೆ ಬರಲಿ. ಬೆಂಗಳೂರಿಗೆ ಈಗ ಇಟ್ಟಿಗೆಯ ಗುಡಿಯೇ ಸಾಕು. ಜನ, ಹಣ, ಆಟಗಾರರು ಮೂರೂ ಇಲ್ಲುಂಟು, ಆದ್ದರಿಂದ ಬೆಂಗಳೂರು ತಂಡವನ್ನು ಸಾಕಬಲ್ಲದು ಎಂಬುದೇ ಈ ಲೇಖನದ ತೀರ್ಮಾನ. ಷರತ್ತು ಒಂದೇ: ಕ್ರೀಡಾ ಇಲಾಖೆ ಕಂಠೀರವದ ದಿನಪಟ್ಟಿಯಲ್ಲಿ ಏಳು ಶನಿವಾರಗಳನ್ನು ಐದು ವರ್ಷಕ್ಕೆ ಮುಂಗಡವಾಗಿ ಬರೆದುಕೊಡಬೇಕು. ಆ ಏಳು ಶನಿವಾರ ಸಿಗುವ ತನಕ ನಾಲ್ಕನೆಯ ತಂಡಕ್ಕೆ ಯಾರೂ ಹೆಸರು ಹುಡುಕುವುದು ಬೇಡ.