ಹಳೆಯ ಬಿಲ್ಲುಗಳು ಎಲ್ಲಿ ಹೋದವು?

ಹಳೆಯ ಆಯುಧಗಳನ್ನು ಕೂಡಿಡುವ ಹವ್ಯಾಸ ಲೋಕದಲ್ಲಿ ಬಹುಜನರಿಗೆ ಉಂಟು. ಕತ್ತಿ, ಕಠಾರಿ, ಗುರಾಣಿ, ಕೋವಿ ಇವನ್ನು ಸಂಗ್ರಹಿಸುವವರು ಎಲ್ಲ ದೇಶಗಳಲ್ಲಿಯೂ ಸಿಕ್ಕುತ್ತಾರೆ. ಅವರ ನಡುವೆ ಬಿಲ್ಲುಗಳನ್ನು ಅರಸುವವರ ಗುಂಪು ಚಿಕ್ಕದು. ಆದರೆ ಅವರ ಆಸೆ ಮಾತ್ರ ದೊಡ್ಡದು. ನಿಜವಾಗಿಯೂ ಹಳೆಯದಾದ ಬಿಲ್ಲು ದೊರೆಯುವುದು ಅಷ್ಟು ಅಪರೂಪ. ರಾಮಾಯಣ, ಮಹಾಭಾರತಗಳನ್ನು ಕೇಳಿ ಬೆಳೆದ ನಮಗೆ ಶಿವಧನುಸ್ಸು, ಗಾಂಡೀವ ಎಂಬ ಹೆಸರುಗಳು ಬಾಲ್ಯದಿಂದಲೇ ಪರಿಚಿತ. ಹೀಗಿದ್ದೂ, ಐನೂರು ವರ್ಷಗಳ ಹಿಂದೆ ಕನ್ನಡನಾಡಿನ ಒಬ್ಬ ಸಾಮಾನ್ಯ ಬಿಲ್ಲಾಳು ಕೈಯಲ್ಲಿ ಹಿಡಿದಿದ್ದ ಬಿಲ್ಲನ್ನು ನೀವು ಕಣ್ಣಾರೆ ಕಂಡಿದ್ದೀರಾ? ಬಹುಶಃ ಇಲ್ಲ. ಅವು ಎಲ್ಲಿ ಹೋದವು ಎಂಬುದನ್ನು ಈಗ ವಿಚಾರಿಸೋಣ.

ಇದಕ್ಕಾಗಿ ಮೊದಲು ಚಾಮರಾಜನಗರದ ಹತ್ತಿರದ ಹರದನಹಳ್ಳಿಯ ಕಡೆಗೆ ಹೋಗಬಹುದು. ದಿವ್ಯಲಿಂಗೇಶ್ವರನ ಗುಡಿಯಿಂದಲೂ ವೀರಶೈವ ಪರಂಪರೆಯಿಂದಲೂ ಹೆಸರಾದ ಊರು ಇದು. ಹಳೆಯ ಕನ್ನಡದಲ್ಲಿ ಹರದ ಎಂದರೆ ವ್ಯಾಪಾರಿ. ಊರಿನ ಹೆಸರಿನಲ್ಲಿಯೇ ಆ ಮಾತು ಕಿವಿಗೆ ಬೀಳುತ್ತದೆ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ. ತೆಂಕಣಕ್ಕೆ ಕಾಡನ್ನು ದಾಟಿದರೆ ಕೊಂಗುನಾಡು. ಪಡುವಣಕ್ಕೆ ಗುಂಡ್ಲುಪೇಟೆಯನ್ನು ಕಳೆದು ಮುಂದೆ ಹೋದರೆ ವಯನಾಡು. ಮೂರು ಭಾಷೆಗಳ ನಾಡುಗಳು ಕೂಡುವ ಗಡಿ ಇದು. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಉಮ್ಮತ್ತೂರಿನ ಪಾಳೆಯಗಾರರು, ಮೈಸೂರಿನ ಅರಸರು ಎಲ್ಲರೂ ಈ ನೆಲಕ್ಕಾಗಿ ಕಾದಿದ್ದಾರೆ. ಇಂಥ ಗಡಿಯಲ್ಲಿ ದನಗಳನ್ನು ಅಟ್ಟಿಕೊಂಡು ಹೋಗುವುದು, ಅವನ್ನು ಬಿಡಿಸಿಕೊಂಡು ಬರಲು ಊರವರು ಹೋರಾಡುವುದು, ಆ ಹೋರಾಟದಲ್ಲಿ ಸತ್ತವನಿಗೆ ಕಲ್ಲು ನಿಲ್ಲಿಸುವುದು ವಾಡಿಕೆಯಾಗಿತ್ತು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಶಾಸನಗಳನ್ನು ರೈಸ್ ಅವರು 1898ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅವುಗಳಲ್ಲಿ ವೀರಗಲ್ಲಿನ ಬರಹಗಳೂ ಉಂಟು.

ವೀರಗಲ್ಲನ್ನು ನೀವು ನೋಡಿರುತ್ತೀರಿ. ಕೆಳಗಿನ ಅಂಕಣದಲ್ಲಿ ಕಾಳಗ; ನಡುವೆ ವೀರನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು; ಮೇಲೆ ದೇವರ ಸನ್ನಿಧಿ. ಕೆಳಗಿನ ಅಂಕಣದ ಕಡೆಗೆ ನಾವು ಸಾಮಾನ್ಯವಾಗಿ ಹೆಚ್ಚು ಹೊತ್ತು ನೋಡುವುದಿಲ್ಲ. ಮುಂದಿನ ಸಲ ನೋಡಿ. ಎಷ್ಟೋ ಕಲ್ಲುಗಳಲ್ಲಿ ವೀರನ ಕೈಯಲ್ಲಿರುವುದು ಬಿಲ್ಲು. ಎಷ್ಟೋ ಕಲ್ಲುಗಳಲ್ಲಿ ಅವನ ಮೈಗೆ ನಾಟಿರುವುದು ಅಂಬು. ಬಿಲ್ಲಿಗೆ ಬಾಗು ಒಂದೋ ಎರಡೋ, ಆಳಿನ ಎತ್ತರಕ್ಕೆ ಅದು ಎಷ್ಟು ಉದ್ದ, ಬತ್ತಳಿಕೆ ಬೆನ್ನಿನಲ್ಲೋ ಸೊಂಟದಲ್ಲೋ, ಎಂಬುದನ್ನು ಗಮನಿಸಿ. ನಮ್ಮ ಹಳ್ಳಿಗಳ ಬಿಲ್ಲುಗಾರಿಕೆಯ ಚರಿತ್ರೆಗೆ ಈ ಕಲ್ಲುಗಳೇ ಆಧಾರ. ಕಲ್ಲಿನಲ್ಲಿ ಕೊರೆದ ಬಿಲ್ಲು ಉಳಿಯಿತು. ಅದನ್ನು ನೋಡಿ ಶಿಲ್ಪಿ ಕೊರೆದನಲ್ಲ, ಆ ನಿಜವಾದ ಬಿಲ್ಲು ಉಳಿಯಲಿಲ್ಲ.

ಏಕೆ ಉಳಿಯಲಿಲ್ಲ ಎಂಬುದನ್ನು ತಿಳಿಯಬೇಕಾದರೆ ಬಿಲ್ಲನ್ನು ಏತರಿಂದ ಮಾಡುತ್ತಿದ್ದರು ಎಂದು ನೋಡಬೇಕು. ಕೌಟಿಲ್ಯನ ಅರ್ಥಶಾಸ್ತ್ರ ನಾಲ್ಕು ಬಗೆಯನ್ನು ಹೇಳುತ್ತದೆ: ತಾಳೆಯದು, ಬಿದಿರಿನದು, ಮರದ್ದು, ಕೊಂಬಿನದು. ಹೆದೆಗೆ ಎಕ್ಕದ ನಾರು, ಸೆಣಬು, ಬಿದಿರು, ಪ್ರಾಣಿಗಳ ನರ ಮೊದಲಾದವು. ಇವೆಲ್ಲವೂ ಹುಳು ತಿನ್ನುವ, ಒದ್ದೆಯಾದರೆ ಕೊಳೆಯುವ ವಸ್ತುಗಳೇ. ಅಲೆಕ್ಸಾಂಡರನ ಸಂಗಡ ಬಂದ ನಿಯಾರ್ಕಸನು ಭಾರತದ ಕಾಲಾಳುಗಳ ಬಿಲ್ಲನ್ನು ಕಂಡು ಬೆರಗಾದನು. ಅವನ ಮಾತನ್ನು ಅರಿಯನ್ ಎಂಬ ಗ್ರೀಕ್ ಲೇಖಕ ಉಳಿಸಿದ್ದಾನೆ. ಬಿಲ್ಲು ಆಳಿನಷ್ಟೇ ಉದ್ದ. ಅದರ ತುದಿಯನ್ನು ನೆಲಕ್ಕೆ ಊರಿ, ಎಡಗಾಲಿನಿಂದ ಒತ್ತಿ ಹಿಡಿದು, ಹೆದೆಯನ್ನು ಬಹಳ ಹಿಂದಕ್ಕೆ ಸೆಳೆದು ಬಿಡುತ್ತಿದ್ದರಂತೆ. ಅಂಬು ಮೂರು ಮೊಳಕ್ಕೆ ತುಸು ಕಡಮೆ. ಅದರ ಏಟನ್ನು ಗುರಾಣಿಯೂ ಕವಚವೂ ತಡೆಯಲಾರವು ಎಂದು ಅವನು ಬರೆದನು. ಅಂಥ ಬಿಲ್ಲುಗಳಲ್ಲಿ ನಮಗಾಗಿ ಉಳಿದದ್ದು ಈ ವರ್ಣನೆ ಮಾತ್ರ.

ಕನ್ನಡ ಅರಸರ ಚರಿತ್ರೆಯಲ್ಲಿಯೂ ಇದೇ ಕಥೆ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಸೇನೆಗೆ ಎದುರಾಗಿ ಚೋಳರ ರಾಜಾದಿತ್ಯ ಆನೆಯ ಮೇಲೆಯೇ ಮಡಿದನು. ಎದೆಗೆ ಹರಿತವಾದ ಬಾಣ ನಾಟಿ ಸತ್ತನೆಂದು ಚೋಳರ ಲೈಡನ್ ತಾಮ್ರಪಟ ಹೇಳಿದರೆ, ಅವನನ್ನು ಕೊಂದವನು ಗಂಗರ ಬೂತುಗನೆಂದು ಮಂಡ್ಯದ ಕಡೆಯ ಆತಕೂರಿನ ಕಲ್ಲು ಹೇಳುತ್ತದೆ. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದೆ. ತಾಮ್ರವೂ ಕಲ್ಲೂ ಉಳಿದು ಇಂದಿಗೂ ವಾದ ಮಾಡುತ್ತಿವೆ. ಬಾಣ ಬಿಟ್ಟ ಬಿಲ್ಲು ಮಾತ್ರ ಮಣ್ಣಾಗಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಶಸ್ತ್ರವಿನೋದವನ್ನೂ ಬೇಟೆಯನ್ನೂ ಸೇರಿಸಿದ್ದಾನೆ. ಓಲೆಯ ಗ್ರಂಥ ನಕಲಾಗುತ್ತ ನಮ್ಮವರೆಗೆ ಬಂದಿತು. ಬಿಲ್ಲನ್ನು ನಕಲು ಮಾಡಿ ಉಳಿಸಿದವರು ಯಾರೂ ಇಲ್ಲ.

ಹಾಗಾದರೆ ಸಂಗ್ರಹಕಾರರು ಆಸೆಪಡುವ ಹಳೆಯ ಭಾರತೀಯ ಬಿಲ್ಲುಗಳು ಯಾವುವು? ಹೆಚ್ಚಿನವು ಮೊಗಲರ ಕಾಲದವು, ಆಮೇಲಿನವು. ಅವುಗಳಲ್ಲಿ ಮೊದಲನೆಯದು ಕೊಂಬಿನ ಬಿಲ್ಲು. ನಡುವೆ ಮರದ ತಿರುಳು. ಎಸೆಯುವವನ ಕಡೆಗೆ ಎಮ್ಮೆಯ ಕೊಂಬಿನ ಪಟ್ಟಿ. ಹೊರಮೈಗೆ ಪ್ರಾಣಿಗಳ ನರದ ಎಳೆಗಳು. ಇವೆಲ್ಲವನ್ನೂ ಚರ್ಮ ಮತ್ತು ನರಗಳನ್ನು ಕುದಿಸಿ ಮಾಡಿದ ಅಂಟಿನಿಂದ ಹಿಡಿಸುತ್ತಿದ್ದರು. ಕೊಂಬು ಒತ್ತಡವನ್ನು ತಡೆಯುತ್ತದೆ, ನರ ಎಳೆತವನ್ನು ತಡೆಯುತ್ತದೆ. ಆದ್ದರಿಂದ ಚಿಕ್ಕ ಬಿಲ್ಲಿನಿಂದಲೂ ಕುದುರೆಯ ಮೇಲೆ ಕುಳಿತವನು ಬಿರುಸಾಗಿ ಎಸೆಯಬಲ್ಲನು. ಅಂಟು ಚೆನ್ನಾಗಿ ಒಣಗಲು ತಿಂಗಳುಗಟ್ಟಲೆ ಕಾಯಬೇಕು. ಮೇಲೆ ಬಣ್ಣ, ಅರಗು, ಹೂಬಳ್ಳಿ. ಕೆಲವದರ ಮೇಲೆ ಕುಶಲಿಯ ಹೆಸರೂ ತೇದಿಯೂ ಇರುತ್ತವೆ. ಹಾಗಿದ್ದರೆ ಅದಕ್ಕೆ ಬೆಲೆ ಇನ್ನೂ ಹೆಚ್ಚು.

ಈ ಬಿಲ್ಲಿಗೆ ನಮ್ಮ ಮಳೆಗಾಲವೇ ಶತ್ರು. ತೇವ ತಗುಲಿದರೆ ಅಂಟು ಸಡಿಲವಾಗುತ್ತದೆ. ಆದ್ದರಿಂದಲೇ ಭಾರತದಲ್ಲಿ ಉಕ್ಕಿನ ಬಿಲ್ಲು ಬಳಕೆಗೆ ಬಂದಿತು. ಅದು ಅಂಬನ್ನು ಕೊಂಬಿನ ಬಿಲ್ಲಿನಷ್ಟು ಚುರುಕಾಗಿ ಎಸೆಯದು. ಆದರೆ ಆಯುಧಶಾಲೆಯಲ್ಲಿ ವರ್ಷಗಟ್ಟಲೆ ಇದ್ದರೂ ಹಾಳಾಗದು. ಚಿನ್ನದ ಕುಸುರಿ ಇರುವ, ನಡುವೆ ತಿರುಪು ಬಿಚ್ಚಿ ಎರಡು ತುಂಡು ಮಾಡಬಹುದಾದ ಉಕ್ಕಿನ ಬಿಲ್ಲುಗಳೂ ಉಂಟು. ಇಂಗ್ಲೆಂಡಿನ ರಾಯಲ್ ಆರ್ಮರೀಸ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಮೊದಲಾದ ಕಡೆ ಭಾರತದ ಉಕ್ಕಿನ ಬಿಲ್ಲುಗಳಿವೆ.

ಕೊಂಬಿನ ಬಿಲ್ಲಿಗೆ ಇನ್ನೊಂದು ಅಪಾಯವೂ ಕಾದಿತ್ತು, ಅದು ಅಭಿಮಾನಿಗಳಿಂದಲೇ ಬಂದದ್ದು. ಹೆದೆ ಬಿಚ್ಚಿದಾಗ ಈ ಬಿಲ್ಲು ಏಡಿಯ ಕೊಂಡಿಗಳಂತೆ ಎದುರು ದಿಕ್ಕಿಗೆ ಸುರುಳಿಯಾಗಿ ಬಾಗಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೆಲವು ಯೂರೋಪಿಯನ್ನರು ಅದೇ ಅದರ ಸಹಜವಾದ ಬಾಗು ಎಂದು ಭಾವಿಸಿ, ತಿರುಗುಮುರುಗಾಗಿ ಹೆದೆ ಕಟ್ಟಿ ಗೋಡೆಗೆ ತೂಗುಹಾಕಿದರು. ಬಿಲ್ಲು ಕೈಯಲ್ಲಿದ್ದರೂ ಅದನ್ನು ಬಳಸಿದವರ ತಿಳಿವಳಿಕೆ ಅವರ ಬಳಿ ಇರಲಿಲ್ಲ.

ಈಗ ಬೆಲೆಯ ಮಾತಿಗೆ ಬರೋಣ. ಚಿನ್ನದ ಕೆಲಸದ ಬಿಲ್ಲಿಗೆ ಹಣ ಹೆಚ್ಚು, ನಿಜ. ಆದರೆ ಚರಿತ್ರೆಗೆ ಅದಕ್ಕಿಂತ ಅಪರೂಪವಾದದ್ದು ಸಾಮಾನ್ಯನ ಬಿಲ್ಲು. ಇಂಗ್ಲೆಂಡನ್ನೇ ನೋಡಿ. 1415ರಲ್ಲಿ ಅಜಿನ್‌ಕೋರ್ಟ್ ಕಾಳಗವನ್ನು ಗೆಲ್ಲಿಸಿದ್ದು ಸಾಮಾನ್ಯ ಬಿಲ್ಲಾಳುಗಳ ಉದ್ದ ಬಿಲ್ಲು. ಅಷ್ಟು ಹೆಸರಾದ ಆಯುಧದ ಮಾದರಿಗಳು ಬಹುಕಾಲ ಆ ದೇಶದಲ್ಲಿ ಬೆರಳೆಣಿಕೆಗೂ ಕಷ್ಟವಾಗಿದ್ದವು. 1545ರಲ್ಲಿ ಮುಳುಗಿದ ‘ಮೇರಿ ರೋಸ್’ ಎಂಬ ಯುದ್ಧದ ಹಡಗನ್ನು 1982ರಲ್ಲಿ ಮೇಲೆತ್ತಿದರು. ಅದರ ಶೋಧನೆಯಲ್ಲಿ 130ಕ್ಕೂ ಹೆಚ್ಚು ಇಡಿಯ ಬಿಲ್ಲುಗಳು ಸಿಕ್ಕವು. ಕಡಲ ತಳದ ಕೆಸರು ಅವನ್ನು ಕಾಪಾಡಿತ್ತು. ಅವು ಅಲಂಕಾರವಿಲ್ಲದ ಮರದ ದಂಡಗಳೇ. ಆದರೂ ಹಳೆಯ ಬಿಲ್ಲಾಳಿನ ತೋಳಿನ ಬಲ ಎಷ್ಟೆಂಬುದನ್ನು ವಿದ್ವಾಂಸರು ಅಳೆದು ತಿಳಿಯಲು ಸಾಧ್ಯವಾದದ್ದು ಅವುಗಳಿಂದಲೇ. ಅಮೆರಿಕದಲ್ಲಿಯೂ ಹೀಗೆಯೇ. ಯಾಹಿ ಜನಾಂಗದ ಕೊನೆಯವನೆಂದು ಹೆಸರಾದ ಇಶಿ 1911ರಲ್ಲಿ ಹೊರಜಗತ್ತಿಗೆ ಬಂದು, 1916ರಲ್ಲಿ ತೀರಿಕೊಳ್ಳುವವರೆಗೂ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಬಿಲ್ಲು, ಬಾಣಗಳನ್ನು ಮಾಡಿ ತೋರಿಸಿದನು. ಅವನಿಂದ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ 1923ರಲ್ಲಿ ಪುಸ್ತಕ ಬರೆದರು. ಯಾರು ಮಾಡಿದರು, ಹೇಗೆ ಮಾಡಿದರು ಎಂಬುದು ತಿಳಿದದ್ದರಿಂದಲೇ ಆ ಬಿಲ್ಲುಗಳಿಗೆ ಅಷ್ಟು ಗೌರವ.

ನಮ್ಮಲ್ಲಿ ಮೇರಿ ರೋಸ್ ಇಲ್ಲ. ಮೈಸೂರು ಅರಮನೆಯ ಆಯುಧಶಾಲೆಯಂಥ ಕಡೆ ಅರಸರ ಆಯುಧಗಳಿಗೆ ರಕ್ಷಣೆಯೂ ಆಯುಧಪೂಜೆಯ ಮರ್ಯಾದೆಯೂ ದೊರೆತಿವೆ. ಹಳ್ಳಿಯವನ ಬಿದಿರ ಬಿಲ್ಲಿಗೆ ಅಂಥ ಆಸರೆ ಇರಲಿಲ್ಲ. ಕೋವಿ ಬಂದಮೇಲೆ ಅದರ ಕೆಲಸ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಲ್ಲಿಸಿತು, ಅದು ಸರಿಯಾದದ್ದೇ. ಆದರೆ ಕೆಲಸ ಮುಗಿದ ಬಿಲ್ಲು ಒಲೆಗೆ ಹೋದರೆ ಅದನ್ನು ಮಾಡುವ ವಿದ್ಯೆಯ ಗುರುತೂ ಬೂದಿಯಾಗುತ್ತದೆ.

ಆದ್ದರಿಂದ ನಿಮ್ಮ ಮನೆಯ ಅಟ್ಟದಲ್ಲಿ, ಬಂಧುಗಳ ಹಳ್ಳಿಮನೆಯಲ್ಲಿ, ಊರ ಗುಡಿಯಲ್ಲಿ ಹಳೆಯ ಬಿಲ್ಲೊಂದು ಕಂಡರೆ ನಾಲ್ಕು ಮಾತು ನೆನಪಿಡಿ. ಮೊದಲನೆಯದು, ಹೆದೆ ಏರಿಸಿ ಎಳೆಯಬೇಡಿ. ಒಣಗಿದ ಬಿಲ್ಲು ಒಂದೇ ಎಳೆತಕ್ಕೆ ಸಿಡಿಯಬಹುದು. ಎರಡನೆಯದು, ಹೊಳಪಿಗಾಗಿ ಉಜ್ಜಬೇಡಿ, ಬಣ್ಣ ಬಳಿಯಬೇಡಿ. ಹಿಡಿಯ ಸವೆತ, ತುದಿಯ ಕೊಪ್ಪಿನಲ್ಲಿ ಹೆದೆ ಕೊರೆದ ಗುರುತು ಇವೇ ಅದರ ಶಾಸನ. ಮೂರನೆಯದು, ಮಾರುವವನ ಮಾತಿಗೆ ಮರುಳಾಗಬೇಡಿ. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಮೇಲ್ಪಟ್ಟ ಚಾರಿತ್ರಿಕ ವಸ್ತುವನ್ನು ಖಾಸಗಿಯವರು ದೇಶದ ಹೊರಕ್ಕೆ ಸಾಗಿಸುವಂತಿಲ್ಲ. ಕಡೆಯದು, ಮನೆಯ ಹಿರಿಯರನ್ನು ಕೇಳಿ ಬರೆದಿಡಿ: ಯಾವ ಊರಿನದು, ಯಾವ ಮರ, ಯಾವ ನಾರು, ಯಾರ ಕೈಯಲ್ಲಿತ್ತು, ಅದರ ಭಾಗಗಳಿಗೆ ಅವರು ಹೇಳುವ ಹೆಸರೇನು. ಅಂಥ ಒಂದು ಚೀಟಿಯ ಜೊತೆ ಹತ್ತಿರದ ವಸ್ತುಸಂಗ್ರಹಾಲಯಕ್ಕೆ ತಲುಪಿದ ಬಿದಿರ ಬಿಲ್ಲು, ಹೆಸರಿಲ್ಲದೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ಚಿನ್ನದ ಬಿಲ್ಲಿಗಿಂತ ಹೆಚ್ಚನ್ನು ಹೇಳುತ್ತದೆ. ಹಿರಿಯರು ಇರುವಾಗಲೇ ಆ ಚೀಟಿಯನ್ನು ಬರೆಯಬೇಕು.