ಆವಾಸದಾನ ಮತ್ತು ಅಹಮದಾಬಾದಿನ ಹಳೆಯ ಮನೆಗಳು

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ದಾನವೆಂದು ಎಣಿಸಿದ್ದಾರೆ. ಈ ನಾಲ್ಕನೆಯ ದಾನಕ್ಕೆ ಅವರು ಕೊಡುವ ದೃಷ್ಟಾಂತ ಒಂದು ಹಂದಿಯದು. ಅದರ ಕಥೆಯನ್ನು ಪ್ರಭಾಚಂದ್ರರ ಟೀಕೆ ವಿವರಿಸುತ್ತದೆ. ಕುಂಬಾರನೊಬ್ಬನೂ ಕ್ಷೌರಿಕನೊಬ್ಬನೂ ಕೂಡಿ ದಾರಿಗರಿಗಾಗಿ ತಂಗುದಾಣವೊಂದನ್ನು ಕಟ್ಟಿಸಿದರು. ಕುಂಬಾರನು ಅಲ್ಲಿ ಮುನಿಯೊಬ್ಬರನ್ನು ಇರಿಸಿದನು. ಕ್ಷೌರಿಕನು ಅವರನ್ನು ಹೊರಡಿಸಿ ತನಗೆ ಬೇಕಾದವನನ್ನು ಇರಿಸಿದನು. ಇಬ್ಬರೂ ಬಡಿದಾಡಿ ಸತ್ತು ಹಂದಿ, ಹುಲಿಗಳಾಗಿ ಹುಟ್ಟಿದರು. ಗುಹೆಯಲ್ಲಿದ್ದ ಮುನಿಗಳನ್ನು ಹುಲಿಯಿಂದ ಕಾಯುತ್ತ ಪ್ರಾಣಬಿಟ್ಟ ಹಂದಿ ಸ್ವರ್ಗವನ್ನು ಪಡೆಯಿತು. ಕಟ್ಟಿಸಿದ ಪುಣ್ಯ ಇಬ್ಬರದೂ ಒಂದೇ. ಗತಿಯನ್ನು ಬೇರ್ಪಡಿಸಿದ್ದು ಒಳಗೆ ಯಾರಿಗೆ ಎಡೆ ದೊರೆಯಿತೆಂಬ ಸಂಗತಿ. ಹಳೆಯ ಮನೆಗಳು ಹೋಟೆಲುಗಳಾಗುತ್ತಿರುವ ಈ ಕಾಲದಲ್ಲಿ ಈ ಕಥೆಯ ಪ್ರಶ್ನೆಗೆ ಹೊಸ ಅರ್ಥ ಬಂದಿದೆ. ಅದನ್ನು ಪರಿಶೀಲಿಸಲು ಅಹಮದಾಬಾದ್ ತಕ್ಕ ನಗರ.

1411ರಲ್ಲಿ ಸುಲ್ತಾನ ಅಹಮದ್ ಷಾ ಸ್ಥಾಪಿಸಿದ ಈ ನಗರದ ಕೋಟೆಯೊಳಗಿನ ಬದುಕು ‘ಪೋಳ’ಗಳಲ್ಲಿ ಬೆಳೆಯಿತು. ಪೋಳವೆಂದರೆ ಹೆಬ್ಬಾಗಿಲುಳ್ಳ ಕೇರಿ. ಅಂಟಿಕೊಂಡ ಮನೆಗಳು, ಹಕ್ಕಿಗಳಿಗೆ ಕಾಳು ಹಾಕುವ ‘ಚಬೂತರೋ’, ಅನೇಕ ಕಡೆ ಒಂದು ಜಿನಾಲಯ. ಮನೆಯ ಮುಂದೆ ಜಗಲಿ, ನಡುವೆ ಬೆಳಕಿನ ಅಂಗಳ, ಅದರಡಿಯಲ್ಲಿ ಮಳೆನೀರನ್ನು ಕೂಡಿಡುವ ‘ಟಾಂಕಾ’. ನೀರನ್ನು ಸೋಸಿ ಬಳಸುವುದು, ಹೊತ್ತು ಮುಳುಗುವ ಮುನ್ನ ಉಣ್ಣುವುದು ಜೈನ ಮನೆಗಳ ನಿತ್ಯವಿಧಿ. ಆ ಮನೆಗಳ ವಾಸ್ತುವನ್ನು ಈ ಆಚಾರದಿಂದ ಬೇರ್ಪಡಿಸಿ ಓದಲಾಗದು.

1892ರಲ್ಲಿ ಎಲ್ಲಿಸ್ ಸೇತುವೆ ಸಿದ್ಧವಾದ ಮೇಲೆ ಸಾಬರಮತಿಯ ಪಶ್ಚಿಮ ದಡ ಬೆಳೆಯತೊಡಗಿತು. ಉಳ್ಳವರು ಕ್ರಮೇಣ ನದಿ ದಾಟಿದರು. ಪಾಲುದಾರಿಕೆಯ ತಕರಾರು, ವಾಹನ ನುಗ್ಗದ ಓಣಿ, ದುರಸ್ತಿಯ ವೆಚ್ಚ ಇವುಗಳಿಂದ ಎಷ್ಟೋ ಮನೆಗಳು ಉಗ್ರಾಣಗಳಾದವು. ಕೆತ್ತನೆಯ ಮರಕ್ಕೆ ಮಾತ್ರ ದೂರದಲ್ಲೂ ಬೆಲೆಯಿತ್ತು. ಪಾಟಣದ ವಾಡಿ ಪಾರ್ಶ್ವನಾಥ ಜಿನಾಲಯದ ಹದಿನಾರನೆಯ ಶತಮಾನದ ದಾರುಮಂಟಪ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. 1916ರಲ್ಲಿ ಅದು ಅಲ್ಲಿಗೆ ಕೊಡುಗೆಯಾಗಿ ಸಂದಿತು. ಮರ ಉಳಿಯಿತು, ಊರು ತಪ್ಪಿತು.

ಹಾಗೆ ಸ್ಥಳ ತಪ್ಪದೆ ಉಳಿದ ಕಟ್ಟಡಕ್ಕೆ ಲಾಲ್ ದರವಾಜಾದ ‘ಹೌಸ್ ಆಫ್ ಎಂ.ಜಿ.’ ನಿದರ್ಶನ. ಗಿರಣಿ ಮಾಲೀಕರಾದ ಮಂಗಳದಾಸ ಗಿರಿಧರದಾಸರು 1924ರಲ್ಲಿ ಕಟ್ಟಿಸಿದ ಭವನವಿದು. ಅದರೆದುರಿಗೆ ಕಲ್ಲಿನಲ್ಲಿ ಮರವನ್ನೇ ಅರಳಿಸಿದ ಜಾಲಂಧ್ರಗಳ ಸೀದಿ ಸೈಯದ್ ಮಸೀದಿ. ಗಿರಣಿ ವ್ಯಾಜ್ಯಗಳನ್ನು ತೀರ್ಮಾನಿಸುವ ಪಂಚಾಯಿತಿಯಲ್ಲಿ ಗಾಂಧೀಜಿ ಕಾರ್ಮಿಕರ ಪರವಾಗಿಯೂ ಮಂಗಳದಾಸರು ಮಾಲೀಕರ ಪರವಾಗಿಯೂ ಕುಳಿತಿದ್ದರು. ಇದು ಪೋಳದ ಮನೆಯಲ್ಲ, ವಸಾಹತು ಕಾಲದ ಶ್ರೀಮಂತ ಸೌಧ. ವಂಶಸ್ಥರೇ ಜೀರ್ಣೋದ್ಧಾರ ಮಾಡಿಸಿ ಇದನ್ನು ಹೋಟೆಲಾಗಿಸಿದರು. ತಾರಸಿಯಲ್ಲಿ ಗುಜರಾತಿ ಸಸ್ಯಾಹಾರದ ಊಟ ಬಡಿಸುತ್ತಾರೆ. 2017ರಲ್ಲಿ ಕೋಟೆಯೊಳಗಿನ ನಗರ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇಂತಹ ತಂಗುಮನೆಗಳ ಮಹತ್ವ ಇನ್ನೂ ಹೆಚ್ಚಿದೆ.

ಜೈನ ದರ್ಶನದಲ್ಲಿ ಉತ್ಪಾದ, ವ್ಯಯ, ಧ್ರೌವ್ಯಗಳು ಸತ್ತಿನ ಲಕ್ಷಣ. ಮನೆ ಹೋಟೆಲಾಗುವುದು ಪರ್ಯಾಯದ ಬದಲಾವಣೆ, ಅದಕ್ಕಾಗಿ ಮರುಗಬೇಕಿಲ್ಲ. ಪಾಳುಬೀಳುವುದಕ್ಕಿಂತ, ಕಂಬ ಕಂಬವಾಗಿ ಮಾರಾಟವಾಗುವುದಕ್ಕಿಂತ ಇದು ಮೇಲು. ಅತಿಥಿ ತೆರುವ ಬಾಡಿಗೆಯೇ ಬಡಗಿಯ ಕೂಲಿಯಾಗಿ ತೊಲೆಯನ್ನು ನಿಲ್ಲಿಸುತ್ತದೆ.

ಆದರೆ ಧ್ರುವವಾಗಿ ಉಳಿದದ್ದು ಯಾವುದು? ಜಗಲಿ ಉಳಿದು, ಅಲ್ಲಿ ಕೂರುತ್ತಿದ್ದ ನೆರೆಯವನು ಇಲ್ಲವಾಗಬಹುದು. ಟಾಂಕಾ ನೋಟದ ವಸ್ತುವಾಗಿ, ನೀರು ಸೋಸುವ ಆಚಾರ ಮರೆತುಹೋಗಬಹುದು. ಸಮಂತಭದ್ರರು ಹೇಳಿದ ಆವಾಸಕ್ಕೆ ಬೆಲೆಯಿರಲಿಲ್ಲ. ಹೋಟೆಲಿನ ಕೋಣೆಗೆ ಬೆಲೆಯುಂಟು. ಅದು ದಾನವಲ್ಲ, ವ್ಯಾಪಾರ; ಪ್ರಾಮಾಣಿಕವಾದ ವ್ಯಾಪಾರಕ್ಕೂ ಶ್ರಾವಕಧರ್ಮದಲ್ಲಿ ಸ್ಥಾನವಿದೆ. ಎರಡನ್ನೂ ಒಂದೇ ಎಂದು ಬಗೆಯುವುದಷ್ಟೇ ತಪ್ಪು. ಗೋಡೆ, ತೊಲೆಗಳನ್ನು ಹೋಟೆಲು ಕಾಯಬಲ್ಲದು. ಆ ಮನೆಯಲ್ಲಿ ಯಾರು ಹೇಗೆ ಬಾಳಿದರು, ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂಬುದನ್ನು ದಾಖಲಿಸುವ ಹೊಣೆ ಸಂಶೋಧಕರದು. ಪೋಳಗಳಲ್ಲಿ ಬಾಳಿದ ಹಿರಿಯರು ಇರುವಾಗಲೇ ಆ ಕೆಲಸ ನಡೆಯಬೇಕು.